ಎಲ್ ಬೋರ್ಡ್ ಹಾಕಿಕೊಂಡು ಹೈವೇಗೆ ಇಳಿಯುವ ಮುಂಚೆ

ಮಳೆಗಾಲ ಮುಗಿದ ಮೇಲೆ ಅಕ್ಕನ ಮಗಳಿಗೆ ಕಾರು ಕಲಿಸುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಶಿವಮೊಗ್ಗ ಬಿಟ್ಟು ಸಾಗರ ರಸ್ತೆ ಹಿಡಿದಿದ್ದೆವು. ಆಯನೂರು ಇನ್ನೂ ಮುಂದಿತ್ತು. ಕಾರಿನ ಹಿಂದೆ ಮುಂದೆ ಎಲ್ ಬೋರ್ಡ್ ಇತ್ತು. ವೇಗ 50. ಹಿಂದಿನಿಂದ ಒಂದು ಬಸ್ಸು ಬಂತು. ಒಂದು ಹಾರ್ನ್, ಲೈಟು, ಮತ್ತೆ ಉದ್ದ ಹಾರ್ನ್. ಒಳಗಿನ ಕನ್ನಡಿಯ ತುಂಬ ಬಸ್ಸಿನ ಮೂತಿಯೇ ಕಾಣುತ್ತಿತ್ತು.

ಹುಡುಗಿ ಎಡಗಡೆ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಹಾಕಿದಳು. ಒಣ ಗಾಜಿನ ಮೇಲೆ ವೈಪರ್ ಕರಕರ ಅನ್ನತೊಡಗಿತು. ಅದನ್ನು ನಿಲ್ಲಿಸಲು ಕೆಳಗೆ ನೋಡಿದಳು. ಅಷ್ಟರಲ್ಲಿ ಎಡಗಡೆ ಚಕ್ರ ಟಾರು ಬಿಟ್ಟು ಮಣ್ಣಿಗಿಳಿಯಿತು. ಟಾರಿನ ಅಂಚಿಗೂ ಮಣ್ಣಿಗೂ ಅರ್ಧ ಗೇಣು ತಗ್ಗು. "ಸ್ಟೇರಿಂಗ್ ಎಳೀಬೇಡ ಪುಟ್ಟಿ, ಆಕ್ಸಿಲರೇಟರ್ ಬಿಡು, ಹಾಗೇ ನೇರ ಹೋಗಲಿ" ಅಂದೆ. ಬಿಟ್ಟಳು. ಕಾರು ಮಣ್ಣಿನ ಮೇಲೆ ಒಂದಷ್ಟು ದೂರ ಹೋಗಿ ನಿಂತಿತು. ಬಸ್ಸು ಹೋಯಿತು. ಅವಳ ಎಡಗಾಲು ಕ್ಲಚ್ ಮೇಲೆ ತಟತಟ ನಡುಗುತ್ತಿತ್ತು. "ಚಿಕ್ಕಮ್ಮಾ, ನಾನೇನು ತಪ್ಪು ಮಾಡಿದೆ?" ಅಂತ ಕೇಳಿದಳು.

ಅವಳು ತಪ್ಪು ಮಾಡಿರಲಿಲ್ಲ. 50ರಲ್ಲಿ ಎಡಗಡೆ ಹೋಗುವುದು ತಪ್ಪಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಕಾರುಗಳಿಗೆ ಗೊತ್ತುಮಾಡಿದ ಗರಿಷ್ಠ ವೇಗ ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಇಂಥ ಮಾಮೂಲಿ ರಸ್ತೆಯಲ್ಲಿ 70. ಅದಕ್ಕಿಂತ ಜಾಸ್ತಿ ಹೋಗಬಾರದು ಅಂತ ಅದರ ಅರ್ಥ. ಅಷ್ಟು ಹೋಗಲೇಬೇಕು ಅಂತಲ್ಲ.

ನಾನು ಕಾರು ಕಲಿತಿದ್ದು 38ನೇ ವಯಸ್ಸಿನಲ್ಲಿ. ಆಮೇಲೆ ಮನೆಯ ನಾಲ್ಕು ಜನಕ್ಕೆ ಕಲಿಸಿದ್ದೇನೆ. ಕ್ಲಚ್, ಗೇರು, ಸ್ಟೇರಿಂಗ್ ಎಲ್ಲರಿಗೂ ಒಂದೆರಡು ವಾರದಲ್ಲಿ ಬರುತ್ತದೆ. ಹಿಂದೆ ಬಂದು ನಿಂತ ಗಾಡಿಯ ಹಾರ್ನನ್ನು ತಡೆದುಕೊಳ್ಳುವುದು ಮಾತ್ರ ಬೇಗ ಬರುವುದಿಲ್ಲ. ಅದನ್ನೂ ಕಲಿಸಬೇಕು, ಬೇರೆಯಾಗಿಯೇ ಕಲಿಸಬೇಕು. ಯಾರೂ ಕಲಿಸುವುದಿಲ್ಲ. ಹಾಗಾಗಿ ಈ ಲೇಖನ. ಕಲಿಯುವವರಿಗೆ, ಪಕ್ಕದಲ್ಲಿ ಕೂರುವವರಿಗೆ, ಅವರ ಹಿಂದೆ ಬರುವ ನಮ್ಮೆಲ್ಲರಿಗೆ.

ಮೊದಲು ಕಾಗದ, ಪಕ್ಕದ ಸೀಟು, ಬೋರ್ಡು

ಎಲ್ಎಲ್ಆರ್, ಅಂದರೆ ಕಲಿಯುವವರ ಲೈಸೆನ್ಸ್, ಇಲ್ಲದೆ ರಸ್ತೆಗೆ ಇಳಿಯಬೇಡಿ. ಅದು ಆರು ತಿಂಗಳು ಚಾಲ್ತಿಯಲ್ಲಿರುತ್ತದೆ. ಸಿಕ್ಕಿ 30 ದಿನ ಆದ ಮೇಲೆ ಡಿಎಲ್ (ಪೂರ್ತಿ ಲೈಸೆನ್ಸ್) ಟೆಸ್ಟಿಗೆ ಹೋಗಬಹುದು. ಆ 30 ದಿನ ಸುಮ್ನೆ ಕಳೆಯಲಿಕ್ಕಲ್ಲ, ಕೈ ಪಳಗಿಸಿಕೊಳ್ಳಲಿಕ್ಕೆ ಕೊಟ್ಟ ದಿನಗಳು.

ಗೇರಿನ ಗಾಡಿಗೆ, ಕಾರಿಗೆ 18 ತುಂಬಿರಬೇಕು. ನಮ್ಮ ಹಳ್ಳಿಗಳಲ್ಲಿ ಹತ್ತನೇ ಕ್ಲಾಸ್ ಹುಡುಗರ ಕೈಗೆ ಬೈಕ್ ಕೊಟ್ಟು "ತೋಟಕ್ಕೆ ತಾನೇ" ಅನ್ನುತ್ತಾರೆ. ತೋಟದ ದಾರಿ ಮುಗಿದರೆ ಹೈವೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಮಕ್ಕಳು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಹೊಣೆ ಅಪ್ಪ ಅಮ್ಮಂದು ಅಥವಾ ಗಾಡಿ ಮಾಲೀಕರದ್ದು. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಮಗುವಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ.

ಪಕ್ಕದಲ್ಲಿ ಕೂರುವವರಿಗೆ ಅದೇ ತರಹದ ಗಾಡಿಯ ಚಾಲ್ತಿ ಲೈಸೆನ್ಸ್ ಇರಬೇಕು. ಗಾಡಿ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು. ಇದು ನಿಯಮ. ಹಿಂದಿನ ಸೀಟಿನಲ್ಲಿ ಕೂತು ಹೇಳಿಕೊಡುವುದು ಆಗುವುದಿಲ್ಲ. ಮನೆಯ ಕಾರಿನಲ್ಲಿ ಪಕ್ಕದವರ ಕೈಗೆ ಇರುವುದು ಹ್ಯಾಂಡ್ ಬ್ರೇಕ್ ಒಂದೇ. ಅದನ್ನು ವೇಗದಲ್ಲಿ ಒಮ್ಮೆಲೇ ಎಳೆದರೆ ಹಿಂದಿನ ಚಕ್ರ ಕಚ್ಚಿಕೊಂಡು ಗಾಡಿ ತಿರುಗುತ್ತದೆ. ತುದಿಯ ಗುಂಡಿ ಒತ್ತಿಹಿಡಿದು, ಮೆಲ್ಲಗೆ, ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಖಾಲಿ ಮೈದಾನದಲ್ಲಿ 20ರ ವೇಗದಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿ ನೋಡಿ. ಹ್ಯಾಂಡ್ ಬ್ರೇಕಿನ ಬದಲು ಬರೀ ಸ್ವಿಚ್ ಇರುವ ಹೊಸ ಕಾರು ಆದರೆ, ಓಡುವಾಗ ಆ ಸ್ವಿಚ್ ಎಳೆದು ಹಿಡಿದರೆ ಏನಾಗುತ್ತದೆ ಅಂತ ಕಾರಿನ ಪುಸ್ತಕದಲ್ಲಿ ಮೊದಲೇ ಓದಿಕೊಳ್ಳಿ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎರಡೂ ಕಡೆ ಪೆಡಲ್ ಇರುತ್ತದೆ. ಆಗುವುದಾದರೆ ಹೈವೇಯ ಮೊದಲ ಎರಡು ಮೂರು ಸವಾರಿ ಅದರಲ್ಲೇ ಮಾಡಿಸಿ. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಕಲಿಯುವವರನ್ನು ಮೋಟಾರ್‌ವೇಗೆ, ಅಂದರೆ ಅಲ್ಲಿನ ವೇಗದ ಹೆದ್ದಾರಿಗೆ, ಬಿಡುತ್ತಲೇ ಇರಲಿಲ್ಲ. 2018ರ ಜೂನ್ 4ರಿಂದ ಬಿಟ್ಟಿದ್ದಾರೆ. ಅದೂ ಮಾನ್ಯತೆ ಇರುವ ಕಲಿಸುವವರು ಪಕ್ಕದಲ್ಲಿದ್ದು, ಎರಡು ಕಡೆ ಪೆಡಲ್ ಇರುವ ಕಾರಾಗಿದ್ದರೆ ಮಾತ್ರ. ನಮ್ಮಲ್ಲಿ ಕಾರು ಕಲಿತ ಮೂರನೇ ದಿನಕ್ಕೇ ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ಹೆದ್ದಾರಿ.

ಬೋರ್ಡಿನ ವಿಷಯ ಸಣ್ಣದು ಅನ್ನಿಸಬಹುದು. ಅಲ್ಲ. ಬಿಳಿ ಹಿನ್ನೆಲೆಯಲ್ಲಿ ಕೆಂಪು ಎಲ್, ಹಿಂದೆ ಮುಂದೆ ಎರಡೂ ಕಡೆ. ಬೋರ್ಡು 18 ಸೆಂಟಿಮೀಟರ್ ಚೌಕಕ್ಕಿಂತ ಚಿಕ್ಕದಿರಬಾರದು, ಅಕ್ಷರ 10 ಸೆಂಟಿಮೀಟರ್ ಎತ್ತರ, 2 ಸೆಂಟಿಮೀಟರ್ ದಪ್ಪ ಇರಬೇಕು. ನಂಬರ್ ಪ್ಲೇಟಿನ ಮೂಲೆಯಲ್ಲಿ ಇಂಚುದ್ದದ ಕೆಂಪು ಟೇಪು ಅಂಟಿಸಿದರೆ ಬಸ್ಸಿನ ಎತ್ತರದಲ್ಲಿ ಕೂತ ಡ್ರೈವರಿಗೆ ಕಾಣುವುದಿಲ್ಲ. ಕಂಡರೂ ತಡವಾಗಿ ಕಾಣುತ್ತದೆ. ಮಳೆ ಬಂದರೆ ಕೆಸರು ಹಾರಿ ಮುಚ್ಚಿಹೋಗುತ್ತದೆ, ಹೊರಡುವ ಮುಂಚೆ ಒರೆಸಿ. ಡಿಎಲ್ ಬಂದು ಕೈ ಕುದುರಿದ ಮೇಲೆ ಬೋರ್ಡು ತೆಗೆಯಿರಿ. ವರ್ಷಗಟ್ಟಲೆ ಹಾಗೇ ಬಿಟ್ಟು ಜುಮ್ಮನೆ ಓಡಿಸುವ ಕಾರುಗಳನ್ನು ನೋಡಿ ನೋಡಿಯೇ ಜನಕ್ಕೆ ಎಲ್ ಬೋರ್ಡ್ ಅಂದರೆ ಲೆಕ್ಕವಿಲ್ಲದಂತಾಗಿದೆ. ಅದರ ಪೆಟ್ಟು ನಿಜವಾಗಿ ಕಲಿಯುವವರಿಗೆ ಬೀಳುತ್ತದೆ.

ಇನ್ನೊಂದು ವಸ್ತು ತನ್ನಿ. ಪಕ್ಕದವರಿಗೆ ಹಿಂದಿನದು ಕಾಣಲು ಗಾಜಿಗೆ ಅಂಟಿಸುವ ಚಿಕ್ಕ ಕನ್ನಡಿ. ಇದಿಲ್ಲದೆ ನಾನು ಯಾರನ್ನೂ ಹೈವೇಗೆ ಕರೆದುಕೊಂಡು ಹೋಗುವುದಿಲ್ಲ.

ಹೈವೇಗೆ ಮುಂಚೆ ಕೈಗೆ ಬರಬೇಕಾದದ್ದು

ಊರ ಹೊರಗೆ ಹೊಸ ಲೇಔಟುಗಳು ಬೇಕಾದಷ್ಟಿವೆ. ಟಾರು ಹಾಕಿ ಮನೆ ಇನ್ನೂ ಬರದ ರಸ್ತೆಗಳು. ಬೆಳಿಗ್ಗೆ ಅಲ್ಲಿಗೆ ಹೋಗಿ. ದಿನ ಇಷ್ಟು ಅಂತ ಲೆಕ್ಕ ಹಾಕಬೇಡಿ. ಒಬ್ಬರಿಗೆ ಎಂಟು ದಿನ ಸಾಕು, ಇನ್ನೊಬ್ಬರಿಗೆ ತಿಂಗಳು ಬೇಕು. ನಾನು ನೋಡುವುದು ಕೆಲವೇ ವಿಷಯ. ಕೈ ನೋಡದೆ ಇಂಡಿಕೇಟರ್, ವೈಪರ್, ಹೆಡ್‌ಲೈಟಿನ ಡಿಮ್ ಡಿಪ್, ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿಣುಕುವ ಗುಂಡಿ ಸಿಗಬೇಕು. ಕಣ್ಣು ಮುಚ್ಚಿಸಿ ಕೇಳಿ: "ಎಡ ಇಂಡಿಕೇಟರ್ ಹಾಕು". ಗಾಡಿ ನಿಂತಿರುವಾಗ ಇದನ್ನು ಐವತ್ತು ಸಲ ಮಾಡಿಸಿ. ಆ ಭಾನುವಾರದ ವೈಪರ್ ಆದಮೇಲೆ ನಾನು ಕಲಿತ ಪಾಠ ಇದು.

ಕನ್ನಡಿ ನೋಡಿದಾಗ ಗಾಡಿ ಆ ಕಡೆಗೇ ವಾಲಬಾರದು. ಬಲಗನ್ನಡಿ ನೋಡಿದರೆ ಬಲಕ್ಕೆ ಹೋಗುವುದು ಎಲ್ಲ ಹೊಸಬರ ಅಭ್ಯಾಸ. ಅರ್ಧ ಸೆಕೆಂಡ್ ನೋಡು, ರಸ್ತೆ ನೋಡು. ಮತ್ತೆ ಅರ್ಧ ಸೆಕೆಂಡ್. ಏರಿನಲ್ಲಿ ಗಾಡಿ ಆಫ್ ಆದರೆ ಹಿಂದಕ್ಕೆ ಜಾರದೆ ಹ್ಯಾಂಡ್ ಬ್ರೇಕ್ ಹಾಕಿ, ಸೆಲ್ಫ್ ಹೊಡೆದು, ಹಾಫ್ ಕ್ಲಚ್ಚಿನಲ್ಲಿ ಎತ್ತಿಕೊಳ್ಳಬೇಕು. ಮಲೆನಾಡಿನಲ್ಲಿ ಸಮತಟ್ಟು ರಸ್ತೆ ಹುಡುಕಿದರೂ ಸಿಗುವುದು ಕಷ್ಟ, ಇದು ಬರಲೇಬೇಕು. ಹಾಗೆಯೇ ಜೋರು ಬ್ರೇಕ್. ಖಾಲಿ ರಸ್ತೆಯಲ್ಲಿ ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು 40ರಿಂದ ಗಟ್ಟಿಯಾಗಿ ಬ್ರೇಕ್ ಒತ್ತಿಸಿ. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಪೆಡಲ್ ಕಾಲಿನ ಕೆಳಗೆ ಗಡಗಡ ಅನ್ನುತ್ತದೆ. ಮೊದಲ ಸಲ ಅದನ್ನು ಕೇಳಿ ಹೆದರಿ ಕಾಲು ತೆಗೆದುಬಿಡುತ್ತಾರೆ. ಆ ಹೆದರಿಕೆ ಲೇಔಟಿನಲ್ಲೇ ಮುಗಿಯಬೇಕು.

40ಕ್ಕೂ 80ಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಿ. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾದ ದೂರ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. 80ರಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ದನ ಕಂಡು "ಅಯ್ಯೋ" ಅನ್ನುವಷ್ಟರಲ್ಲಿ ಅಷ್ಟು ದೂರ ಕಳೆದಿರುತ್ತದೆ, ಬ್ರೇಕ್ ಇನ್ನೂ ಒತ್ತಿಯೇ ಇರುವುದಿಲ್ಲ.

ಯಾವ ರಸ್ತೆ, ಎಷ್ಟು ಹೊತ್ತಿಗೆ

ಮೊದಲು ಡಿವೈಡರ್ ಇರುವ ರಸ್ತೆ. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ ಕಡೆಗೆ ಹೋಗುವ ಹೆದ್ದಾರಿಯನ್ನು ನಾಲ್ಕು ಪಥಕ್ಕೆ ಅಗಲ ಮಾಡುತ್ತ ಬಂದಿದ್ದಾರೆ. ಎದುರಿನಿಂದ ಗಾಡಿ ಬರುವ ಭಯ ಕಡಿಮೆ. ಪೂರ್ತಿ ಇಲ್ಲ ಅಂತಲ್ಲ, ರಾಂಗ್ ಸೈಡಿನಲ್ಲಿ ಬೈಕು, ಟ್ರ್ಯಾಕ್ಟರ್ ಬರುತ್ತವೆ, ಅದೂ ಎಡ ಅಂಚಿನಲ್ಲೇ. ಕಲಿಯುವವರು ಹೋಗುವುದೂ ಎಡ ಅಂಚಿನಲ್ಲೇ ಅಲ್ವಾ? ಹಾಗಾಗಿ ಎಡ ಪಥದ ಮಧ್ಯದಲ್ಲಿ ಇರಿ, ಅಂಚಿಗೆ ಅಂಟಿಕೊಳ್ಳಬೇಡಿ.

ಅದಾದ ಮೇಲೆ ಎರಡು ಕಡೆ ಗಾಡಿ ಓಡಾಡುವ ರಸ್ತೆ. ಆಲ್ಕೊಳ ಸರ್ಕಲ್ ದಾಟಿ ಆಯನೂರು, ಕುಂಸಿವರೆಗೆ ಹೋಗಿ ಬರಬಹುದು. ತೀರ್ಥಹಳ್ಳಿ ರಸ್ತೆ ಆಮೇಲೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಕಡೆ ಕಾಡು, ತಿರುವು ಜಾಸ್ತಿ. ಆನೆ ಬಿಡಾರ ನೋಡಲು ಬಂದವರು ರಸ್ತೆ ಬದಿಯಲ್ಲೇ ಕಾರು ನಿಲ್ಲಿಸಿ ಬಾಗಿಲು ತೆಗೆಯುತ್ತಾರೆ.

ಹೊತ್ತು ಬೆಳಿಗ್ಗೆ ಆರೂವರೆಯಿಂದ ಎಂಟೂವರೆ. ಸ್ಕೂಲ್ ಬಸ್ಸು ಶುರುವಾಗುವ ಮುಂಚೆ ಮುಗಿಸಿದರೆ ಒಳ್ಳೆಯದು. ಜೋಗ ತುಂಬಿ ಹರಿಯುವ ತಿಂಗಳುಗಳಲ್ಲಿ ಶನಿವಾರ ಭಾನುವಾರ ಸಾಗರ ರಸ್ತೆ ಬೇಡವೇ ಬೇಡ. ದೂರದ ಊರಿನಿಂದ ರಾತ್ರಿಯೆಲ್ಲ ಓಡಿಸಿಕೊಂಡು ಬಂದವರು, ಒಂದೇ ದಿನದಲ್ಲಿ ಜೋಗ, ಸಿಗಂದೂರು ಮುಗಿಸಬೇಕು ಅಂತ ಅವಸರದಲ್ಲಿರುತ್ತಾರೆ. ರಸ್ತೆ ಅವರಿಗೂ ಹೊಸದು. ಇಬ್ಬರು ಹೊಸಬರು ಒಂದೇ ತಿರುವಿನಲ್ಲಿ ಎದುರಾಗುವುದು ಬೇಡ. ಸಂಜೆ ಕತ್ತಲೆಯಾದ ಮೇಲೆಯೂ ಬೇಡ. ಹುಲ್ಲು ಹೇರಿದ ಟ್ರ್ಯಾಕ್ಟರಿಗೆ ಹಿಂದಿನ ದೀಪ ಇರುವುದು ಅಪರೂಪ.

ರಸ್ತೆಗೆ ಸೇರುವಾಗ

ಅಡ್ಡರಸ್ತೆಯಿಂದ ಹೈವೇಗೆ ಬರುವಾಗ ಪೂರ್ತಿ ನಿಲ್ಲಿಸಿ. ಬಲಗಡೆ, ಎಡಗಡೆ, ಮತ್ತೆ ಬಲಗಡೆ. ದೂರದಲ್ಲಿ ಲಾರಿ ಕಂಡರೆ ಬಿಡಿ, ಹೋಗಲಿ. ಬೈಕ್ ಚಿಕ್ಕದಾಗಿ ಕಾಣುವುದರಿಂದ ದೂರ ಇದೆ ಅನ್ನಿಸುತ್ತದೆ, ಮೋಸ ಹೋಗಬೇಡಿ. ಸೇರಿದ ಮೇಲೆ ಎರಡನೇ ಗೇರಿನಲ್ಲೇ ತೆವಳಬೇಡಿ. ಗೇರು ಏರಿಸಿ 40, 50ಕ್ಕೆ ಬೇಗ ಬನ್ನಿ. ಹೈವೇಯಲ್ಲಿ 20ರಲ್ಲಿ ಹೋಗುವುದೂ ಅಪಾಯ. ಎಲ್ ಬೋರ್ಡ್ ಇದೆ ಅಂತ ಹಿಂದಿನವರೆಲ್ಲ ಸಹಿಸಿಕೊಳ್ಳಲಿ ಅನ್ನುವುದೂ ಸರಿಯಲ್ಲ. 40 ದಾಟಲು ಧೈರ್ಯ ಬರುತ್ತಿಲ್ಲ ಅಂದರೆ ಇನ್ನೊಂದು ವಾರ ಲೇಔಟು, ಹಳ್ಳಿ ರಸ್ತೆ ಮಾಡಿ.

ಮುಂದಿನ ಗಾಡಿಯಿಂದ ಮೂರು ಸೆಕೆಂಡ್ ಅಂತರ. ಮುಂದಿನ ಗಾಡಿ ಒಂದು ಕಂಬ ದಾಟಿದಾಗ ಎಣಿಸಲು ಶುರುಮಾಡಿ: ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು. ಅಷ್ಟಾದ ಮೇಲೆ ನೀವು ಆ ಕಂಬ ದಾಟಬೇಕು. ಮಳೆಯಲ್ಲಿ ಇದನ್ನೇ ಆರಕ್ಕೆ ಏರಿಸಿ. ಆ ಅಂತರದಲ್ಲಿ ಯಾರಾದರೂ ನುಗ್ಗುತ್ತಾರೆ, ನುಗ್ಗಲಿ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಮತ್ತೆ ಅಂತರ ಮಾಡಿಕೊಳ್ಳಿ.

ಹಿಂದೆ ಗಾಡಿ ಬಂದು ನಿಂತಾಗ

ನಮ್ಮ ರಸ್ತೆಯಲ್ಲಿ ಹಾರ್ನಿಗೆ ಎರಡು ಮೂರು ಅರ್ಥ ಇದೆ. "ಪೀಪ್" ಅಂತ ಚಿಕ್ಕದಾಗಿ ಹೊಡೆದರೆ "ನಾನು ಬರ್ತಿದೀನಿ, ಹಾಗೇ ನೇರ ಇರು" ಅಂತ. ಅದು ಒಳ್ಳೆಯ ಮಾತು. ತಿರುವಿನ ಮುಂಚೆ ಹೊಡೆಯುವುದು ಎದುರಿನವರಿಗೆ. ಉದ್ದಕ್ಕೆ ಒತ್ತಿ ಹಿಡಿದರೆ ಮಾತ್ರ ಗದರಿಕೆ. ಕಲಿಯುವವರ ಕಿವಿಗೆ ಮೂರೂ ಒಂದೇ. ಎಲ್ಲ ಹಾರ್ನೂ ತನ್ನನ್ನೇ ಬೈದಂತೆ ಕೇಳುತ್ತದೆ. ಅದಕ್ಕೇ ಮೊದಲ ಎರಡು ದಿನ ಕಲಿಯುವವರನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ನೀವೇ ಓಡಿಸಿ. ಹಾರ್ನ್ ಕೇಳಿದಾಗೆಲ್ಲ "ಇದು ಯಾರಿಗೆ?" ಅಂತ ಕೇಳಿ. ಹತ್ತರಲ್ಲಿ ಏಳೆಂಟು ತನಗಲ್ಲ ಅಂತ ಅವರಿಗೇ ಗೊತ್ತಾಗುತ್ತದೆ. ನನ್ನ ಅಕ್ಕನ ಮಗಳಿಗೆ ಆ ಘಟನೆ ಆದ ಮೇಲೆ ನಾನು ಮಾಡಿಸಿದ್ದು ಇದನ್ನೇ. ಕುಂಸಿವರೆಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಅವಳ ಭುಜ ಕಿವಿಯಿಂದ ಕೆಳಗಿಳಿದಿತ್ತು.

ಇನ್ನು ಓಡಿಸುವಾಗ. ಹಿಂದೆ ದೊಡ್ಡ ಗಾಡಿ ಹತ್ತಿರ ಬಂತು. ಏನು ಮಾಡಬೇಕು?

ಮೊದಲು, ಏನೂ ಮಾಡಬೇಡಿ. ಅದೇ ವೇಗ, ಅದೇ ಗೆರೆ. ಹೆದರಿ ವೇಗ ಜಾಸ್ತಿ ಮಾಡುವುದು ಬೇಡ. ನಿಮಗೆ ಕೈಗೆ ಹತ್ತದ ವೇಗದಲ್ಲಿ ಮುಂದಿನ ತಿರುವು ಸಿಗುತ್ತದೆ. ಬ್ರೇಕ್ ಒತ್ತುವುದು ಇನ್ನೂ ಕೆಟ್ಟದ್ದು, ಹಿಂದಿನದು ನಿಮ್ಮ ಮೇಲೇ ಬರುತ್ತದೆ. ದಿಢೀರಂತ ಎಡಕ್ಕೆ ಸರಿಯುವುದೂ ಬೇಡ. ನಮ್ಮ ರಸ್ತೆಗಳಲ್ಲಿ ಟಾರು ಮುಗಿದಲ್ಲಿ ತಗ್ಗು, ಮಳೆಗಾಲದಲ್ಲಿ ಅಲ್ಲಿ ನೀರು, ನೀರಿನ ಕೆಳಗೆ ಚರಂಡಿ. ಹಿಂದಿನವರು ದಾಟಿಕೊಳ್ಳುವುದಕ್ಕೆ ನೀವು ರಸ್ತೆ ಬಿಟ್ಟು ಇಳಿಯಬೇಕಾಗಿಲ್ಲ. ನೀವು ನೇರ ಇದ್ದರೆ ಅವರಿಗೆ ಲೆಕ್ಕ ಸಿಗುತ್ತದೆ. ಅತ್ತಿತ್ತ ಆಡಿದರೆ ಅವರಿಗೂ ಕಷ್ಟ.

ಆಮೇಲೆ, ಮುಂದೆ ನೇರ ರಸ್ತೆ ಬಂದು ಎದುರು ಖಾಲಿ ಇದ್ದರೆ ಆಕ್ಸಿಲರೇಟರ್ ಒಂಚೂರು ಬಿಡಿ. ಬ್ರೇಕ್ ಅಲ್ಲ, ಆಕ್ಸಿಲರೇಟರ್ ಮಾತ್ರ. ಅವರು ಬೇಗ ದಾಟಿ ಹೋಗುತ್ತಾರೆ. ಕೈ ಆಡಿಸಿ "ಹೋಗಿ" ಅಂತ ಸನ್ನೆ ಮಾಡಬೇಡಿ. ಎದುರಿನದು ನಿಮಗೆ ಕಾಣದಿದ್ದರೆ ಅವರ ಜೀವ ನಿಮ್ಮ ಸನ್ನೆಯ ಮೇಲೆ ನಿಲ್ಲುತ್ತದೆ. ಹಾಗೆಯೇ ಮುಂದಿನ ಲಾರಿಯವರು ಬಲ ಇಂಡಿಕೇಟರ್ ಹಾಕಿದರೆ ಅದನ್ನು "ದಾಟು" ಅಂತ ಓದಿಕೊಳ್ಳಬೇಡಿ. ಕೆಲವರು ಆ ಅರ್ಥದಲ್ಲಿ ಹಾಕುತ್ತಾರೆ, ಕೆಲವರು ನಿಜವಾಗಿ ಬಲಕ್ಕೆ ತಿರುಗುತ್ತಾರೆ. ಎದುರಿನಿಂದ ಲೈಟ್ ಹೊಡೆದರೆ ನಮ್ಮಲ್ಲಿ "ನೀನು ಬಾ" ಅಂತ ಅಲ್ಲ, "ನಾನು ಬರ್ತೀನಿ, ನೀನು ನಿಲ್ಲು" ಅಂತ.

ಹಿಂದಿನ ಗಾಡಿ ಬಿಡುತ್ತಲೇ ಇಲ್ಲ, ಮೈ ಬೆವರುತ್ತಿದೆ ಅನ್ನಿ. ಮುಂದೆ ಎಲ್ಲಿ ಅಗಲ ಜಾಗ ಇದೆ ನೋಡಿ. ಪೆಟ್ರೋಲ್ ಬಂಕ್, ಬಸ್ ನಿಲ್ಲುವ ಜಾಗ, ಊರಿನ ಮುಂದಿನ ಅಗಲ ರಸ್ತೆ. ದೂರದಿಂದಲೇ ಎಡ ಇಂಡಿಕೇಟರ್ ಹಾಕಿ, ಮೆಲ್ಲಗೆ ವೇಗ ಇಳಿಸಿ, ಪೂರ್ತಿ ಒಳಗೆ ಹೋಗಿ ನಿಲ್ಲಿಸಿ. ನೀರು ಕುಡಿಯಿರಿ. ಕಾಲಿನ ನಡುಕ ನಿಂತ ಮೇಲೆ ಹೊರಡಿ. ಇದು ಸೋತಂತೆ ಅಲ್ಲ.

ಅಕಸ್ಮಾತ್ ಚಕ್ರ ಟಾರಿನಿಂದ ಕೆಳಗಿಳಿದರೆ ಒಂದೇ ಮಾತು: ಮೇಲಕ್ಕೆ ಎಳೆಯಬೇಡಿ. ವೇಗದಲ್ಲಿ ಸ್ಟೇರಿಂಗ್ ಬಲಕ್ಕೆ ಎಳೆದರೆ ಚಕ್ರ ಅಂಚಿಗೆ ಕಚ್ಚಿಕೊಳ್ಳುತ್ತದೆ, ಹತ್ತಿದ ಕೂಡಲೇ ಗಾಡಿ ಎದುರಿನ ಪಥಕ್ಕೆ ಹಾರುತ್ತದೆ. ಗಟ್ಟಿಯಾಗಿ ಹಿಡಿದು ನೇರ ಹೋಗಿ, ಆಕ್ಸಿಲರೇಟರ್ ಬಿಡಿ, ವೇಗ ಪೂರ್ತಿ ಇಳಿದ ಮೇಲೆ ಕನ್ನಡಿ ನೋಡಿ ಮೆಲ್ಲಗೆ ಹತ್ತಿಸಿ.

ಪಕ್ಕದಲ್ಲಿ ಕೂತವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ನಿಮ್ಮ ದನಿಯೂ ಒಂದು ಹಾರ್ನೇ. "ಏಯ್, ನೋಡು ನೋಡು, ಬಸ್ಸು!" ಅಂತ ಕೂಗಿದರೆ ಅವರು ಏನು ಮಾಡಬೇಕು? ಏನು ಮಾಡಬೇಕೋ ಅದನ್ನು ಮಾತ್ರ ಹೇಳಿ. "ನೇರ." "ಆಕ್ಸಿಲರೇಟರ್ ಬಿಡು." "ಎರಡನೇ ಗೇರು." ಚಿಕ್ಕ ಮಾತು, ತಣ್ಣಗಿನ ದನಿ. ಬಸ್ಸನ್ನು ನೋಡಿಕೊಳ್ಳುವುದು ನಿಮ್ಮ ಕೆಲಸ, ಅದಕ್ಕೇ ಆ ಚಿಕ್ಕ ಕನ್ನಡಿ. ಬೈಯುವುದಿದ್ದರೆ ಗಾಡಿ ನಿಂತ ಮೇಲೆ, ಅದೂ ಬೇಡ. ಹೆಂಡತಿಗೆ ಕಲಿಸುವ ಗಂಡಂದಿರು ಇದನ್ನು ಎರಡು ಸಲ ಓದಿ. ನನಗೆ ಪರಿಚಯದ ಎಷ್ಟೋ ಹೆಂಗಸರು ಕಾರು ಕಲಿಯುವುದನ್ನು ಬಿಟ್ಟಿದ್ದು ರಸ್ತೆಗೆ ಹೆದರಿ ಅಲ್ಲ, ಪಕ್ಕದ ಸೀಟಿಗೆ ಹೆದರಿ.

ದಾಟುವ ಲೆಕ್ಕ

ಎದುರು ಗಾಡಿ ಬರುವ ರಸ್ತೆಯಲ್ಲಿ ಕಲಿಯುವವರು ಓವರ್‌ಟೇಕ್ ಮಾಡದೇ ಇದ್ದರೆ ಒಳ್ಳೆಯದು. ನಿಂತ ಗಾಡಿ, ಸೈಕಲ್, ಎತ್ತಿನ ಗಾಡಿ ಬಿಟ್ಟು. ಯಾಕೆ ಅಂತ ಲೆಕ್ಕ ಹಾಕಿ ತೋರಿಸುತ್ತೇನೆ. ಮುಂದಿನ ಲಾರಿ 50ರಲ್ಲಿದೆ, ನೀವು 70ರಲ್ಲಿ ದಾಟುತ್ತೀರಿ. ಹಿಂದೆ ಮುಂದೆ ಬಿಡುವ ಅಂತರ, ಲಾರಿಯ ಉದ್ದ ಎಲ್ಲ ಸೇರಿ ಸುಮಾರು 55 ಮೀಟರ್ ಜಾಸ್ತಿ ಓಡಬೇಕು. 20ರ ವ್ಯತ್ಯಾಸದಲ್ಲಿ ಅದಕ್ಕೆ 10 ಸೆಕೆಂಡ್ ಬೇಕು. ಆ 10 ಸೆಕೆಂಡಿನಲ್ಲಿ ನೀವು 195 ಮೀಟರ್ ಹೋಗಿರುತ್ತೀರಿ. ಎದುರಿನ ಕಾರು 80ರಲ್ಲಿದ್ದರೆ ಅದು 220 ಮೀಟರ್ ಬಂದಿರುತ್ತದೆ. ಅಂದರೆ ಮುಂದೆ 400 ಮೀಟರಿಗಿಂತ ಜಾಸ್ತಿ ಖಾಲಿ ಕಾಣಬೇಕು. ಕುಂಸಿಯಿಂದ ಆನಂದಪುರದವರೆಗೆ ಅಂಥ ಜಾಗ ಎಷ್ಟು ಸಿಗುತ್ತದೆ ಅಂತ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ನೋಡಿ. ಲಾರಿ ಹಿಂದೆ ಹತ್ತು ನಿಮಿಷ ಹೋದರೆ ಏನೂ ಕಳೆದುಹೋಗುವುದಿಲ್ಲ.

ಸ್ಕೂಟರ್, ಬೈಕ್ ಕಲಿಯುವವರು

ನಮ್ಮ ಕಡೆ ಹೆಚ್ಚಿನವರು ಮೊದಲು ಕಲಿಯುವುದು ಸ್ಕೂಟರ್. ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕೂತವರಿಗೂ ಹೆಲ್ಮೆಟ್ ಬೇಕು, ಪಟ್ಟಿ ಹಾಕಿರಬೇಕು. ದೊಡ್ಡ ಬಸ್ಸು ಪಕ್ಕದಲ್ಲಿ ದಾಟುವಾಗ ಗಾಳಿ ಮೊದಲು ಹೊರಗೆ ತಳ್ಳುತ್ತದೆ, ಆಮೇಲೆ ಒಳಗೆ ಎಳೆಯುತ್ತದೆ. ಗೊತ್ತಿಲ್ಲದವರು ಎರಡನೆಯದಕ್ಕೆ ಬೀಳುತ್ತಾರೆ. ಕನ್ನಡಿಯಲ್ಲಿ ಬಸ್ಸು ಕಂಡ ಕೂಡಲೇ ಮೊಣಕೈ ಸಡಿಲ ಬಿಡಿ, ವೇಗ ಸ್ವಲ್ಪ ಇಳಿಸಿ, ಅಂಚಿನಿಂದ ಒಂದು ಮಾರು ಒಳಗೆ ಇರಿ. ಸೆರಗು, ದುಪಟ್ಟಾ, ರೇನ್‌ಕೋಟಿನ ತುದಿ ಚಕ್ರದ ಹತ್ತಿರ ಹಾರದಂತೆ ಸಿಕ್ಕಿಸಿಕೊಳ್ಳಿ. ಸ್ಕೂಟರಿನಲ್ಲಿ ಕಲಿಯುವಾಗ ಹೈವೇ ಅಡ್ಡ ದಾಟುವುದನ್ನು ಮಾತ್ರ ಕಲಿಯಿರಿ, ಹೈವೇಯುದ್ದ ಹೋಗುವುದು ಆಮೇಲೆ.

ಮಳೆ, ಮಂಜು, ಘಾಟಿ

ಬೇಸಿಗೆ ಕಳೆದು ಬೀಳುವ ಮೊದಲ ಮಳೆಗೆ ರಸ್ತೆ ಎಲ್ಲಕ್ಕಿಂತ ಜಾಸ್ತಿ ಜಾರುತ್ತದೆ. ತಿಂಗಳುಗಟ್ಟಲೆ ಬಿದ್ದ ಎಣ್ಣೆ, ಧೂಳು ನೀರಿನಲ್ಲಿ ಕಲಸಿ ಮೇಲೆ ಬರುತ್ತದೆ. ಆ ದಿನ ಗಾಡಿ ತೆಗೆಯಬೇಡಿ. ನಾಟಿ ಹೊತ್ತಿನಲ್ಲಿ ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಚಕ್ರದ ಕೆಸರು ತಿರುವಿನಲ್ಲೇ ಬಿದ್ದಿರುತ್ತದೆ. ಜಡಿಮಳೆಯಲ್ಲಿ ದನಗಳು ಟಾರಿನ ಮೇಲೇ ಮಲಗುತ್ತವೆ. ಕೊಡೆ ಹಿಡಿದ ಮಕ್ಕಳಿಗೆ ಹಿಂದಿನ ಗಾಡಿ ಕಾಣುವುದಿಲ್ಲ, ಮಳೆ ಸದ್ದಿನಲ್ಲಿ ಕೇಳುವುದೂ ಇಲ್ಲ. ಮಂಜಿದ್ದರೆ ಹೆಡ್‌ಲೈಟ್ ಡಿಮ್ಮಿನಲ್ಲಿರಲಿ. ಮೇಲಕ್ಕೆ ಹಾಕಿದರೆ ಮಂಜೇ ಬೆಳ್ಳಗೆ ಗೋಡೆ ಕಟ್ಟಿದಂತೆ ಕಾಣುತ್ತದೆ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿಣುಕಿಸಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ತಿಳಿಯುವುದಿಲ್ಲ.

ಆಗುಂಬೆಯ 14 ತಿರುವು, ಹುಲಿಕಲ್ ಘಾಟಿ ಎಲ್ ಬೋರ್ಡಿನ ಜಾಗ ಅಲ್ಲ. ಡಿಎಲ್ ಬಂದ ಮೇಲೆ, ಘಾಟಿ ಗೊತ್ತಿರುವವರ ಜೊತೆ ಹೋಗಿ. ಆಗ ಎರಡು ವಿಷಯ ನೆನಪಿರಲಿ. ರಸ್ತೆ ಇಕ್ಕಟ್ಟಾದರೆ ಇಳಿಯುವವರು ನಿಂತು ಏರುವವರಿಗೆ ದಾರಿ ಬಿಡಬೇಕು, ಇದು ನಿಯಮ. ಇಳಿಯುವಾಗ ಏರಿದ ಗೇರಿನಲ್ಲೇ ಇಳಿಯಿರಿ. ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅದು ಕಾದು ಹಿಡಿಯುವುದಿಲ್ಲ. ನ್ಯೂಟ್ರಲ್ಲಿಗಂತೂ ಹಾಕಲೇಬಾರದು.

ಎಲ್ ಬೋರ್ಡ್ ನಿಮ್ಮ ಮುಂದೆ ಕಂಡರೆ

ಇದು ನಮಗೆ, ಇಪ್ಪತ್ತು ವರ್ಷದಿಂದ ಓಡಿಸುವವರಿಗೆ. ಬಸ್ಸು, ಲಾರಿ ಓಡಿಸುವ ಅಣ್ಣಂದಿರಿಗೂ. ನಿಮಗೆ ಟೈಮಿಂಗ್ ಇದೆ, ಹಿಂದಿನ ಬಸ್ಸು ಮುಂದಿನ ಸ್ಟಾಪಿನ ಜನವನ್ನು ಎತ್ತಿಕೊಳ್ಳುತ್ತದೆ, ಮಾಲೀಕರು ಕಲೆಕ್ಷನ್ ಕೇಳುತ್ತಾರೆ. ಆ ಒತ್ತಡ ಸುಳ್ಳಲ್ಲ. ಆದರೂ ಮುಂದಿರುವ ಆ ಕಾರಿನೊಳಗೆ ಏನಾಗುತ್ತಿದೆ ಅಂತ ಒಂದು ಗಳಿಗೆ ಯೋಚಿಸಿ. ನೀವು ಹಾರ್ನ್ ಒತ್ತಿದ್ದು ಅವರು ಬೇಗ ಹೋಗಲಿ ಅಂತ. ಅವರು ಬೇಗ ಹೋಗುವುದಿಲ್ಲ. ಗಾಡಿ ಆಫ್ ಮಾಡಿಕೊಳ್ಳುತ್ತಾರೆ, ಇಲ್ಲವೇ ಬ್ರೇಕ್ ಒತ್ತುತ್ತಾರೆ. ನಿಮಗೆ ಇನ್ನೂ ತಡ.

ಬೋರ್ಡ್ ಕಂಡ ಕೂಡಲೇ ನಾಲ್ಕೈದು ಗಾಡಿಯಷ್ಟು ದೂರ ಇರಿ. ಅವರ ಕನ್ನಡಿಯ ತುಂಬ ನಿಮ್ಮ ಗಾಡಿ ಇರಬಾರದು. ದಾಟುವ ಮುಂಚೆ ಒಂದು ಚಿಕ್ಕ ಪೀಪ್ ಸಾಕು, ಅದೂ ಪಕ್ಕಕ್ಕೆ ಬರುವ ಮುಂಚೆ. ದಾಟಿದ ಮೇಲೆ ಕಟ್ ಹೊಡೆದು ಮುಂದೆ ಬರಬೇಡಿ. ಅವರ ಗಾಡಿ ಪೂರ್ತಿ ನಿಮ್ಮ ಒಳಗನ್ನಡಿಯಲ್ಲಿ ಕಂಡ ಮೇಲೆ ಎಡಕ್ಕೆ ಬನ್ನಿ. ಸಿಗ್ನಲ್ಲಿನಲ್ಲಿ, ಏರಿನಲ್ಲಿ ಅವರ ಹಿಂದೆ ನಿಲ್ಲುವಾಗ ಒಂದು ಕಾರಿನಷ್ಟು ಜಾಗ ಬಿಡಿ, ಹಿಂದೆ ಜಾರುತ್ತಾರೆ. ಗಾಡಿ ಆಫ್ ಆದರೆ ಹಾರ್ನ್ ಹೊಡೆಯದೆ ಹತ್ತು ಸೆಕೆಂಡ್ ಕಾಯಿರಿ. ಒಮ್ಮೆ ಆಲ್ಕೊಳ ಸರ್ಕಲ್ಲಿನಲ್ಲಿ ನಮ್ಮ ಕಾರು ಮೂರು ಸಲ ಆಫ್ ಆಯಿತು. ಹಿಂದೆ ಅಡಿಕೆ ಮೂಟೆ ಹೇರಿದ ಲಾರಿ. ಅದರ ಡ್ರೈವರ್ ಇಂಜಿನ್ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ ಹಿಂದಿನವರಿಗೆ "ತಡೀರಿ" ಅಂತ ಸನ್ನೆ ಮಾಡಿದರು. ನಾಲ್ಕನೇ ಸಲ ಗಾಡಿ ಎತ್ತಿಕೊಂಡಿತು. ಹುಡುಗಿ ಕನ್ನಡಿಯಲ್ಲಿ ನೋಡಿ ನಕ್ಕಳು. ಅವತ್ತು ಅವಳು ಓಡಿಸಿದ್ದು ಅದುವರೆಗಿನ ಎಲ್ಲ ದಿನಕ್ಕಿಂತ ಚೆನ್ನಾಗಿತ್ತು.

ಏನಾದರೂ ಆದರೆ

ಗಾಡಿ ಕೆಟ್ಟರೆ ಎಷ್ಟಾಗುತ್ತದೋ ಅಷ್ಟು ಎಡಕ್ಕೆ, ತಿರುವು ಬಿಟ್ಟು. ನಿಂತ ಮೇಲೆ ನಾಲ್ಕೂ ಇಂಡಿಕೇಟರ್ ಹಾಕಿ. ಡಿಕ್ಕಿಯಲ್ಲಿರುವ ಕೆಂಪು ತ್ರಿಕೋನವನ್ನು 50 ಮೀಟರ್ ಹಿಂದೆ ಇಡಿ. ತಿರುವಿನಲ್ಲಿ ನಿಂತಿದ್ದರೆ ಹಿಂದಿನಿಂದ ಬರುವವರಿಗೆ ತಿರುವಿಗೆ ಮುಂಚೆಯೇ ಕಾಣುವಂತೆ ಇಡಬೇಕು. ನಮ್ಮಲ್ಲಿ ಮರದ ಸೊಪ್ಪು ಮುರಿದು ರಸ್ತೆಯಲ್ಲಿಡುವ ರೂಢಿಯೂ ಇದೆ, ತ್ರಿಕೋನ ಇಲ್ಲದಿದ್ದರೆ ಅದನ್ನಾದರೂ ಮಾಡಿ. ಹೊರಡುವಾಗ ನೆನಪಿಟ್ಟು ತೆಗೆಯಿರಿ. ಎಲ್ಲರೂ ಗಾಡಿಯಿಂದ ಇಳಿದು ರಸ್ತೆ ಬದಿಯ ಆಚೆ ನಿಲ್ಲಿ, ಕಾರಿನೊಳಗೆ ಕೂತು ಕಾಯಬೇಡಿ.

ಪೆಟ್ಟಾದರೆ 108. ಪೊಲೀಸರು ಬೇಕಾದರೆ 112. ರಾಷ್ಟ್ರೀಯ ಹೆದ್ದಾರಿಯಲ್ಲಿ ಸಹಾಯಕ್ಕೆ 1033. ಕಾಡಿನ ರಸ್ತೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಹಾಗಾಗಿ ಕಳೆದ ಊರು ಯಾವುದು, ಎಷ್ಟನೇ ಕಿಲೋಮೀಟರ್ ಕಲ್ಲು ಅಂತ ನೋಡುತ್ತಾ ಹೋಗುವ ಅಭ್ಯಾಸ ಪಕ್ಕದವರಿಗೆ ಇರಲಿ. ಬೇರೆಯವರಿಗೆ ಅಪಘಾತ ಆಗಿದ್ದು ಕಂಡರೆ ಹೆದರದೆ ನಿಲ್ಲಿಸಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಅದಕ್ಕಾಗಿ ಕೇಸು ಹಾಕುವಂತಿಲ್ಲ. ಗಾಯಗೊಂಡವರಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದು ಕಟ್ಟದೆ ಚಿಕಿತ್ಸೆ ಕೊಡಿಸುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ, ಆಸ್ಪತ್ರೆಯಲ್ಲಿ ಕೇಳಿ.

ಈ ಮೂರು ನಂಬರು, ಮನೆಯವರ ಒಂದು ನಂಬರು, ಕಲಿಯುವವರ ರಕ್ತದ ಗುಂಪು ಒಂದು ಚೀಟಿಯಲ್ಲಿ ಬರೆದು ಗ್ಲೌ ಬಾಕ್ಸಿನಲ್ಲಿಡಿ. ಫೋನಿನಲ್ಲಿ ಅಲ್ಲ, ಕಾಗದದಲ್ಲಿ. ಪ್ಲಾಸ್ಟಿಕ್ ಕವರಿಗೆ ಹಾಕಿ, ನಮ್ಮ ಮಳೆಗೆ ಕಾಗದ ತಡೆಯುವುದಿಲ್ಲ.